ಐದಾಳು ಆಳ

ಎಸ್ಪೆರಾನ್ಸಾ ಟೀಚರು ಕಾಗದ ಹಿಡಕೊಂಡು
ನನ್ನ ಶೆಡ್ಡಿನ ಮಟಾ ಬಂದಿದ್ದು
ಈ ಇಪ್ಪತ್ತೆಂಟು ವರ್ಷದಾಗ ಇದ ಮೊದಲು.
ಕುರ್ಚಿ ಇರಲಿಲ್ಲ. ಬಣ್ಣದ ಡಬ್ಬಿ ಬೋರಲ ಹಾಕಿ
ಮ್ಯಾಲೆ ಟವೆಲ್ ಹಾಸಿದೆ.
ಕೂತರು. ನೀರು ಕೇಳಿದರು.
ಕೊಟ್ಟೆ, ಟ್ಯಾಂಕರಿಂದು.
ಒಂದ ಗುಟುಕು ಕುಡಿದು ಕೆಳಗಿಟ್ಟರು.

ದುರ್ಗಾ, ನಿನಗ ಗೊತ್ತಲ್ಲ, ಅಂದರು ಕೊಂಕಣಿಯಾಗ,
ಗುಡ್ಡದ ಮ್ಯಾಲೆ ನೂರಾ ಹನ್ನೆರಡು ವಿಲ್ಲಾ,
ಒಂದೊಂದಕ್ಕ ಒಂದೊಂದು ಈಜುಕೊಳ,
ಕಂಪನಿ ದಿಲ್ಲಿ ಕಡೆಯದು,
ರೊಕ್ಕ ಯಾವ ಕಡೆಯದೋ ದೇವರಿಗೇ ಗೊತ್ತು.
ರವಿವಾರ ಗ್ರಾಮಸಭಾ. ನೀನು ಬಂದು ಹೇಳಬೇಕು,
ಯಾರ ಬಾವ್ಯಾಗ ಎಷ್ಟು ನೀರಿತ್ತು, ಈಗ ಎಷ್ಟೈತಿ.

ಹೇಳಬಹುದು.
ಈ ವಾಡ್ಯಾದ ಬಾವಿ ನನಗ ಬಾಯಿಪಾಠ.
ಕೆಂಪುಕಲ್ಲು ನಾಕಾಳು,
ಬಿಳಿ ಜೇಡಿ ಶುರುವಾಗೂ ಕಡೆ ಕಲ್ಲು ಬೆವರತೈತಿ,
ಅಲ್ಲಿ ಹಾರಿ ಹಾಕಿದರ ಐದನೇ ಆಳಿಗೆ ನೀರು.
ಗಾಂವಕರರ ಬಾವ್ಯಾಗ ನನ್ನ ತಮ್ಮನ
ಎಡಗೈ ಬೆರಳು ಎರಡು ಅದಾವ.
ಟೀಚರ ಬಾವಿಗೆ ಮೊದಲ ನೀರು ಬಂದಾಗ
ಅವರ ತಾಯಿ ಮೇಣದ ಬತ್ತಿ ಹಚ್ಚಿದರು,
ನಾನು ಕಾಯಿ ಒಡೆದೆ,
ಹೊರಗ ನಿಂತು ಚಾ ಕುಡಿದೆ.

ಪುಂಡಲೀಕ ಗಾಂವಕರರು ಗುಡ್ಡ ಉಳಿಸ್ರಿ ಅಂತಾರ,
ಮಗನ ಹೆಸರಿನ ಮೂರು ಜೆಸಿಬಿ ಗುಡ್ಡದ ಮ್ಯಾಲೇ ಅದಾವ.
ಸೋಡಾ ಅಂಗಡಿ ಕಾಯ್ತಾನ ಮುಂಜಾನೆ ಕಂಪನಿಗೆ ಬೈತಾನ,
ಸಂಜಿಗೆ ಅದರ ಎಂಜಿನಿಯರಿಗೆ
ಹೊಸಾ ಕಾಫಿ ಯಂತ್ರ ತಿರುವತಾನ.
ತಪ್ಪೇನು? ಯಂತ್ರದ ಕಂತು ಕಟ್ಟಬೇಕು.
ಮುದುಕಿ ಕಾರ್ಮೆಲಿನಾ ಒಬ್ಬಾಕಿನ
ಸರ್ವೇದವರು ನೆಟ್ಟ ಕೆಂಪು ಗೂಟ ಕಿತ್ತು
ಒಲಿಗೆ ಹಾಕತಾಳ.
ಅವರು ನೆಡತಾರ. ಆಕಿ ಅನ್ನ ಬೇಯಸ್ತಾಳ.

ಇನ್ನ ನನ್ನದು.
ಮಂಗಳವಾರ ಸೈಟಿನ ಮ್ಯಾನೇಜರ ಫೋನ ಮಾಡಿದ್ದ:
ಈ ಗುಡ್ಡದ ಕಲ್ಲು ನಿನಗ ತಿಳೀತೈತಂತ,
ಮೊದಲ ಹತ್ತು ಕೊಳ ನೀನ ತೋಡು.
ಒಂದಕ್ಕ ಅಂವ ಹೇಳಿದ ರೊಕ್ಕ ಕೇಳಿ
ಫೋನು ಇನ್ನೊಂದು ಕಿವಿಗೆ ಇಟಕೊಂಡೆ.
ಅದ ಹಾರಿ, ಅದ ಗುದ್ದಲಿ, ಅದ ಕಲ್ಲು.
ಬಾವಿ ತೋಡೂದು ನೀರು ಸಿಗೂ ತನಕ.
ಕೊಳ ತೋಡೂದು
ನೀರು ಎಲ್ಲಿಂದ ಬರತೈತಿ ಅಂತ ಕೇಳದ.

ಟೀಚರು ಹೋದ ಮ್ಯಾಲೆ ಮಗಳಿಗೆ ಓದು ಅಂದೆ.
ರೋಮಿ ಅಕ್ಷರ ನನಗ ಬಾರದು,
ಆಕಿ ಇದ ಊರಿನ ಸಾಲ್ಯಾಗ ಕಲತಾಕಿ.
ಬೆರಳಿಟ್ಟು ಓದಿದಳು. ಎರಡನೇ ಸಾಲಿನಾಗ
ಬೆರಳು ಗುಂಡಿ ದಾಟಿದಂಗ ಹಾರಿತು.
ಏನದು?
ಏನಿಲ್ಲಪ್ಪಾ.
ಓದವ್ವಾ.
'ಭಾಯ್ಲ್ಯಾಂಕ್ ಹಾಂಗಾ ಜಾಗೊ ನಾ.'
ಹೊರಗಿನವರಿಗೆ ಇಲ್ಲಿ ಜಾಗಿಲ್ಲ.
ಅದು ನಮಗಲ್ಲಪ್ಪಾ, ವಿಲ್ಲಾದವರಿಗೆ, ಅಂದಳು.
ನನಗ ಘಾಂಟಿ ಅಂದವರು
ಆ ಕರೀ ಗಾಜಿನ ಕಾರುಗಳಿಗೆ ಏನಂತಾರ,
ಕೇಳಬೇಕಂದೆ. ಕೇಳಲಿಲ್ಲ.
ಆಕಿ ಹುಟ್ಟಿದ್ದು ಇಲ್ಲೇ, ಮ್ಹಾಪ್ಸೆ ದವಾಖಾನ್ಯಾಗ.
ಕಾಗದ ನಾಕು ಮಡಿಕಿ ಮಾಡಿ ಪುಸ್ತಕದಾಗ ಇಟ್ಟಳು.

ರವಿವಾರ ಹೋದೆ. ಹಿಂದಿನ ಗೋಡಿಗೆ ಆತು ನಿಂತೆ.
ಹೆಸರು? ದುರ್ಗಪ್ಪ.
ಮನಿ ನಂಬರು? ಶೆಡ್ಡು, ನಂಬರಿಲ್ಲ.
ಮತದ ಪಟ್ಟಿ? ಗುಳೇದಗುಡ್ಡದಾಗ ಇತ್ತು,
ಈಗ ಅಲ್ಲೂ ಇರಲಿಕ್ಕಿಲ್ಲ.
ಕಾರ್ಯದರ್ಶಿ ಪೆನ್ನು ನಿಲ್ಲಿಸಿದ.
ಕಂಪನಿ ವಕೀಲ ಎದ್ದ:
ಈತ ಊರವನಲ್ಲ, ಈತನ ಮಾತು ಬರಕೋಬ್ಯಾಡ್ರಿ.
ಗದ್ದಲಾತು. ಆ ಗದ್ದಲದಾಗ ಯಾರೋ
ಅಂವ ನಮ್ಮ ದುರ್ಗಾ, ಅಂದರು.

ನಮ್ಮ.
ಇಪ್ಪತ್ತೆಂಟು ವರ್ಷ ತೋಡಿದ ಮ್ಯಾಲೆ
ಕಲ್ಲು ಬೆವತಂಗ ಒಂದ ಹನಿ.
ಅದು ಒಳಗಿನ ಸೆಲಿಯೋ, ನಿನ್ನಿನ ಮಳಿ ಪಸಿಯೋ
ಆ ಹೊತ್ತಿಗೆ ಹೇಳಾಕ ಬರಂಗಿಲ್ಲ.

ಗಂಟಲು ಸರಿ ಮಾಡಿಕೊಂಡೆ.
ಟೀಚರ ಬಾವಿ, ಐದಾಳು. ಈಗ ತಳ ಕಾಣತೈತಿ.
ಗಾಂವಕರರದು, ಐದೂವರಿ.
ಕಾರ್ಮೆಲಿನಾ ಬಾಯಿದು...

ಕಾರ್ಯದರ್ಶಿ ಬರಕೊಂಡನೋ ಇಲ್ಲೋ, ನೋಡಲಿಲ್ಲ.
ಕಿಸೆದಾಗ ಫೋನು ನಡುಗಾಕ ಹತ್ತಿತ್ತು.